ಹಳೆಯ ನಕಾಶೆಯಲ್ಲಿ ಹಳ್ಳ ಹುಡುಕಿರಿ: ಸವಳು ಭೂಮಿಯ ಸುಧಾರಣೆಗೆ ಮೊದಲ ಪಾಠ

ಜಮಖಂಡಿ ತಾಲ್ಲೂಕಿನ ತುಬಚಿ ಕೃಷ್ಣಾ ತೀರದ ಊರು. ಸುತ್ತಲಿನ ಸೀಮೆ ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದ್ದು. ಮಳೆ ಕಡಿಮೆ, ಅದೂ ನಂಬುವಂಥದಲ್ಲ. 1876-78ರ ಮಹಾ ಬರ ಈ ಸೀಮೆಯನ್ನು ಬಹಳ ಕಾಡಿತ್ತು. ಹಿಂಗಾರಿ ಜೋಳವೇ ಆಗ ಇಲ್ಲಿಯ ಜೀವಾಳ. ನದಿಯ ನೀರು ಹೊಲಕ್ಕೆ ಬಂದ ಮೇಲೆ ಚಿತ್ರ ಬದಲಾಯಿತು. 1989ರಲ್ಲಿ ರೈತರೇ ಹಣ ಕೂಡಿಸಿ, ಶ್ರಮ ಹಾಕಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಜೋಳದ ಎರೆಹೊಲಗಳು ಕಬ್ಬಿನ ಗದ್ದೆಗಳಾದವು.

ನೀರಿನ ಜೊತೆಗೆ ಒಂದು ತೊಂದರೆಯೂ ಬಂದಿದೆ. ಅದು ಸವಳು-ಜವಳು. ಒಣ ಬೇಸಾಯದ ಕಾಲದಲ್ಲಿ ಮಳೆನೀರನ್ನು ನದಿಗೆ ಒಯ್ಯುತ್ತಿದ್ದ ಸಣ್ಣ ಹಳ್ಳಗಳನ್ನು ಅನೇಕ ಕಡೆ ಮುಚ್ಚಿ ಸಾಗುವಳಿ ಮಾಡಲಾಗಿದೆ. ಹೆಚ್ಚಾಗಿ ಹಾಯಿಸಿದ ನೀರಿಗೆ ಹೊರದಾರಿ ಇಲ್ಲದಾಗ ಅಂತರ್ಜಲ ಮೇಲೇರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಅದರಲ್ಲಿದ್ದ ಲವಣ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಆದುದರಿಂದ ಸುಧಾರಣೆಗೆ ಮೊದಲು ನೀರಿನ ಹಳೆಯ ದಾರಿ ಯಾವುದೆಂದು ತಿಳಿಯುವುದು ಅಗತ್ಯ. ಇದಕ್ಕೆ ಹಳೆಯ ನಕಾಶೆಗಳು ಉತ್ತಮ ಸಾಧನ.

ಯಾವ ನಕಾಶೆಗಳು ಬೇಕು?

1. ಗ್ರಾಮ ನಕಾಶೆ: ಇದರಲ್ಲಿ ಸರ್ವೆ ನಂಬರಿನ ಗಡಿ, ಹಳ್ಳ, ಗಾಡಿದಾರಿ ಮುಂತಾದವು ಇರುತ್ತವೆ. ಹೆಚ್ಚಿನ ನಕಾಶೆಗಳ ಅಳತೆ 1:7,920. ಅಂದರೆ 1 ಅಂಗುಲಕ್ಕೆ 660 ಅಡಿ, ಅಥವಾ 33 ಅಡಿಯ 20 ಸರಪಳಿ. ನಕಾಶೆಯ 1 ಚದರ ಅಂಗುಲ ನೆಲದ ಮೇಲೆ 10 ಎಕರೆ.

2. ಭಾರತೀಯ ಸರ್ವೇಕ್ಷಣ ಇಲಾಖೆಯ ನಕಾಶೆ: ಹಿಂದಿನವು 1 ಅಂಗುಲಕ್ಕೆ 1 ಮೈಲಿ, ಅನಂತರದವು 1:50,000 ಅಳತೆಯವು. ಎರಡನೆಯದರಲ್ಲಿ 2 ಸೆಂ.ಮೀ. ಎಂದರೆ 1 ಕಿ.ಮೀ. ಇದರಲ್ಲಿ ಕಂದು ಬಣ್ಣದ ಸಮೋನ್ನತ ರೇಖೆಗಳಿಂದ ಇಳಿಜಾರು ತಿಳಿಯುತ್ತದೆ. ನೀರಿರುವ ತಾಣ ನೀಲಿ, ಒಣ ಹಳ್ಳ ಕಪ್ಪು, ಸಾಗುವಳಿ ಭೂಮಿ ಹಳದಿ.

ಗ್ರಾಮ ನಕಾಶೆಯನ್ನು ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿ ಕೇಳಿ ಪಡೆಯಬಹುದು. ಮೊಬೈಲಿನ ‘ದಿಶಾಂಕ್’ ಆ್ಯಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ.

ಓದುವ ಕ್ರಮ

ಮೊದಲು ನಕಾಶೆಯ ಅಂಚಿನಲ್ಲಿರುವ ಅಳತೆ ಮತ್ತು ವರ್ಷ ನೋಡಬೇಕು. ಮೋಜಣಿಯ ವರ್ಷ ಬೇರೆ, ಮುದ್ರಣದ ವರ್ಷ ಬೇರೆ. ನೆಲದ ಸ್ಥಿತಿಗೆ ಮೋಜಣಿಯ ವರ್ಷವೇ ಲೆಕ್ಕ. ಜೆರಾಕ್ಸ್ ಪ್ರತಿಯಲ್ಲಿ ಅಳತೆ ಕುಗ್ಗಿರಬಹುದು. ಆದುದರಿಂದ ನಕಾಶೆಯಲ್ಲೇ ಬರೆದ ಅಳತೆಪಟ್ಟಿಯನ್ನು ಹಿಡಿದು ಲೆಕ್ಕ ಹಾಕತಕ್ಕದ್ದು.

ಆಮೇಲೆ ಬದಲಾಗದ ಎರಡು ಗುರುತು ಆರಿಸಬೇಕು. ಬಾಂದಕಲ್ಲು, ಹಳೆಯ ಗುಡಿ, ಮೂರು ಗಡಿ ಕೂಡುವ ಜಾಗ ಇದಕ್ಕೆ ಒಳ್ಳೆಯವು. ಉದಾಹರಣೆಗೆ, ಬಾಂದಕಲ್ಲಿನಿಂದ ಹಳ್ಳದ ಗೆರೆ ಅರ್ಧ ಅಂಗುಲ ದೂರ ಇದ್ದರೆ ಹೊಲದಲ್ಲಿ ಅದು 330 ಅಡಿ, ಅಂದರೆ 10 ಸರಪಳಿ. ಎರಡೂ ಗುರುತುಗಳಿಂದ ಅಳೆದು ಗೂಟ ನೆಟ್ಟರೆ ಮುಚ್ಚಿದ ಹಳ್ಳದ ಜಾಡು ಸಿಗುತ್ತದೆ. ಊರಿನ ಹಿರಿಯರನ್ನು ಕರೆದು ತೋರಿಸಿ ಖಾತ್ರಿ ಮಾಡಿಕೊಳ್ಳಬೇಕು. ನಕಾಶೆಯಲ್ಲಿ ಇಲ್ಲದ್ದು ಅವರ ನೆನಪಿನಲ್ಲಿರುತ್ತದೆ.

ಪಹಣಿ ಅಥವಾ ಉತಾರದಲ್ಲಿ ಖರಾಬು ಕ್ಷೇತ್ರವನ್ನೂ ನೋಡಬೇಕು. ಹಳ್ಳ ಮತ್ತು ದಾರಿಯಂಥ ಸಾರ್ವಜನಿಕ ಜಾಗವನ್ನು ‘ಬ’ ಖರಾಬಿನಲ್ಲಿ ತೋರಿಸಲಾಗುತ್ತದೆ. ಅದು ಸಾಗುವಳಿಗಾಗಿ ಬಿಟ್ಟ ಜಾಗವಲ್ಲ.

ಮಣ್ಣು ಪರೀಕ್ಷೆ

ಹಳ್ಳದ ಜಾಡಿನಲ್ಲಿ ಒಂದು ಕಡೆ, ಬೆಳೆ ಚೆನ್ನಾಗಿರುವಲ್ಲಿ ಇನ್ನೊಂದು ಕಡೆ ಮಣ್ಣಿನ ಮಾದರಿ ತೆಗೆಯಬೇಕು. ಆಳ 0-30, 30-60 ಮತ್ತು 60-90 ಸೆಂ.ಮೀ. ಮಣ್ಣಿನ ಸಂತೃಪ್ತ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್‌ಗಿಂತ ಹೆಚ್ಚಿದ್ದರೆ ಅದು ಸವಳು. ರಸಸಾರ 8.5ಕ್ಕಿಂತ ಹೆಚ್ಚಿದ್ದು ವಿನಿಮಯ ಸೋಡಿಯಂ ಶೇಕಡಾ 15 ಮೀರಿದ್ದರೆ ಅದು ಕ್ಷಾರ ಭೂಮಿ.

ಮೊದಲು ಬಸಿಗಾಲುವೆ

ಜಿಪ್ಸಂ ಬೇಕಾದದ್ದು ಕ್ಷಾರ ಭೂಮಿಗೆ. ಸವಳು ಭೂಮಿಗೆ ಬಸಿಗಾಲುವೆ ತೆಗೆದು, ಒಳ್ಳೆಯ ನೀರು ಹಾಯಿಸಿ ಲವಣವನ್ನು ಕೆಳಗೆ ತೊಳೆದು ಹೊರಹಾಕಬೇಕು. ನೀರಿಗೆ ಹೊರದಾರಿ ಇಲ್ಲದೆ ಜಿಪ್ಸಂ ಹಾಕಿದರೆ ಹಣ ವ್ಯರ್ಥ. ಅನಂತರ ಡಯಂಚವನ್ನು ಹಸಿರೆಲೆ ಗೊಬ್ಬರವಾಗಿ ಬೆಳೆದು ಮಣ್ಣಿಗೆ ಸೇರಿಸುವುದು ಲಾಭದಾಯಕ. ಸವಳು ಇಳಿಯುವವರೆಗೆ ಕಬ್ಬಿಗಿಂತ ಹತ್ತಿ ಹೆಚ್ಚು ತಾಳಿಕೊಳ್ಳುತ್ತದೆ.

ಬಸಿಗಾಲುವೆ ಒಬ್ಬನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ಮೇಲಿನವನ ನೀರು ಕೆಳಗಿನವನ ಹೊಲ ದಾಟಿಯೇ ನದಿ ಸೇರಬೇಕು. ಇಲ್ಲಿಯೇ ಜಗಳ ಹುಟ್ಟುವುದು. ನಕಾಶೆಯನ್ನು ಪಂಚಾಯತಿಯ ಕಟ್ಟೆಯ ಮೇಲೆ ಹರಡಿ, ಹಳ್ಳದ ಜಾಡಿನಲ್ಲಿ ಬರುವ ಎಲ್ಲ ಹೊಲದವರೂ ಕೂಡಿ ನೋಡಿದರೆ ಮಾತು ಸುಲಭವಾಗುತ್ತದೆ. ಬ್ಯಾರೇಜು ಕಟ್ಟಿ ನೀರು ನಿಲ್ಲಿಸಿದ ಒಗ್ಗಟ್ಟು ಈ ಸೀಮೆಯ ರೈತರದು. ಹೆಚ್ಚಾದ ನೀರನ್ನು ಹೊರಗೆ ಬಿಡುವುದಕ್ಕೂ ಅದೇ ಒಗ್ಗಟ್ಟು ಬೇಕು.