ಕಬಿನಿಯ ಹಿನ್ನೀರು: ಒಂದು ಪ್ರವಾಸ ಪರಿಚಯ

ಸರೋವರದ ದಡದ ಊರು ಎಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುದು ಸ್ವಿಟ್ಜರ್ಲೆಂಡಿನ ಲೂಸರ್ನ್, ಜಿನೀವಾ ಮೊದಲಾದ ಪಟ್ಟಣಗಳು. ಹಿಮನದಿಗಳು ಕೊರೆದ ಕಣಿವೆಗಳಲ್ಲಿ ನೀರು ನಿಂತು ಅಲ್ಲಿಯ ಸರೋವರಗಳಾದುವು; ಅವುಗಳ ದಡದಲ್ಲಿ ಶತಮಾನಗಳಿಂದ ಊರುಗಳು ಬೆಳೆದುವು. ದೋಣಿವಿಹಾರ, ದಡದ ನಡಿಗೆ, ಬೆಟ್ಟ ಹತ್ತುವುದು ಇವೆಲ್ಲ ಅಲ್ಲಿಗೆ ಹೋದವರ ಸಂತೋಷಗಳು. ಅಷ್ಟು ದೂರ ಹೋಗಲಾರದ ನಮಗೆ ಮೈಸೂರು ಜಿಲ್ಲೆಯಲ್ಲಿಯೇ ವಿಶಾಲವಾದ ಜಲರಾಶಿಯೊಂದಿದೆ. ಅದೇ ಹೆಗ್ಗಡದೇವನಕೋಟೆ ಸೀಮೆಯ ಕಬಿನಿ ಜಲಾಶಯ. ಆದರೆ ಅಲ್ಲಿ ಊರುಗಳು ದಡದಲ್ಲಿ ಬೆಳೆದುವು. ಇಲ್ಲಿ ಊರುಗಳೇ ನೀರಿನೊಳಗಾದುವು. ಈ ಭೇದವನ್ನು ಅರಿತು ನೋಡಿದರೆ ಮಾತ್ರ ಪ್ರವಾಸವು ಸಾರ್ಥಕವೆಂಬುದು ನನ್ನ ಅಭಿಪ್ರಾಯ.

ಕಪಿಲೆಯೆಂದೂ ಹೆಸರಾದ ಕಬಿನಿಯು ಕೇರಳದ ವಯನಾಡಿನಲ್ಲಿ ಹುಟ್ಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಬೀಚನಹಳ್ಳಿಯ ಬಳಿ ಇದಕ್ಕೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣವಾಯಿತು. ಜಲಾಶಯದ ಸಾಮರ್ಥ್ಯ 19.52 ಟಿ.ಎಂ.ಸಿ.; ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2284 ಅಡಿ. ವಯನಾಡಿನಲ್ಲಿ ಮುಂಗಾರು ಬಲವಾದರೆ ಇಲ್ಲಿ ಹಿನ್ನೀರು ಉಬ್ಬುತ್ತದೆ. ನಾಲೆಗೂ ನದಿಗೂ ನೀರು ಬಿಟ್ಟಂತೆ ಬೇಸಗೆಯ ಹೊತ್ತಿಗೆ ತಗ್ಗುತ್ತದೆ.

ಈ ಏರಿಳಿತವೇ ಇಲ್ಲಿಯ ಸೊಬಗಿಗೆ ಕಾರಣ. ನೀರು ಹಿಂದೆ ಸರಿದ ಹಸಿ ಮಣ್ಣಿನಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಸುತ್ತಣ ಕಾಡು ಒಣಗಿರುವ ಮಾರ್ಚಿಯಿಂದ ಮೇವರೆಗೆ ಆನೆಗಳು ಹಿಂಡುಹಿಂಡಾಗಿ ಈ ಹುಲ್ಲನ್ನೂ ನೀರನ್ನೂ ಅರಸಿ ಬರುತ್ತವೆ. ಏಷ್ಯದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕೂಡುವ ತಾಣಗಳು ಪ್ರಪಂಚದಲ್ಲಿಯೇ ವಿರಳ. ಬಂಡೆಗಳ ಮೇಲೆ ಬಿಸಿಲು ಕಾಯುವ ಮೊಸಳೆಗಳನ್ನೂ, ನೀರಿನಲ್ಲಿ ನಿಂತ ಒಣಮರಗಳ ಮೇಲೆ ರೆಕ್ಕೆ ಬಿಚ್ಚಿ ಕುಳಿತ ನೀರುಕಾಗೆಗಳನ್ನೂ ನೋಡಬಹುದು. ಆ ಒಣಮರಗಳನ್ನು ಪ್ರವಾಸಿಗರು ಚಿತ್ರ ತೆಗೆದುಕೊಳ್ಳುತ್ತಾರೆ. ಅವು ಮುಳುಗಿದ ಕಾಡಿನ ಅಸ್ಥಿಗಳೆಂಬುದನ್ನು ಬಲ್ಲವರು ಕಡಮೆ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಇಲ್ಲಿ ಮತ್ತೊಂದು ಆಕರ್ಷಣೆಯಿದೆ. ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವು ಕಬಿನಿಯ ದಡದ ಕಿತ್ತೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗ್ರೀಕ್ ಭೂಗೋಳಜ್ಞ ಟಾಲೆಮಿಯು ಪುನ್ನಾಟವನ್ನು ವೈಡೂರ್ಯ ದೊರೆಯುವ ನಾಡೆಂದು ಹೆಸರಿಸಿದ್ದಾನೆ. ಮಾಸ್ತಿಯವರ ನಾಟಕದಿಂದ ಪ್ರಸಿದ್ಧವಾದ ಕಾಕನಕೋಟೆಯ ಕಾಡೂ ಇಲ್ಲಿಯದೇ. ಇಲ್ಲಿಯೇ ಆನೆಗಳನ್ನು ಹೊಳೆಗೆ ಅಟ್ಟಿ ಖೆಡ್ಡಾದಲ್ಲಿ ಹಿಡಿಯುತ್ತಿದ್ದರು. ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಾರಾಪುರದಲ್ಲಿದ್ದ ಮಹಾರಾಜರ ಬೇಟೆಯ ಬಂಗಲೆಯು ಮುಂದೆ ಪ್ರವಾಸಿಗರ ತಂಗುದಾಣವಾಯಿತು.

ಅಣೆಕಟ್ಟಿಗಾಗಿ ಹಳ್ಳಿಯ ರೈತರು ಹೊಲಮನೆಗಳನ್ನು ಬಿಟ್ಟರು. ಜೇನುಕುರುಬರೂ ಬೆಟ್ಟಕುರುಬರೂ ತಮ್ಮ ಹಾಡಿಗಳನ್ನು ಬಿಟ್ಟರು. ಅವರು ಬಿಟ್ಟುಕೊಟ್ಟ ನೆಲದ ಮೇಲೆ ನಿಂತ ನೀರು ಕೆಳಗಿನ ಗದ್ದೆಗಳಿಗೆ ಬೆಳೆಯನ್ನೂ ಊರುಗಳಿಗೆ ಕುಡಿಯುವ ನೀರನ್ನೂ ಕೊಟ್ಟಿದೆ. ಇಂದು ದಡದ ದುಬಾರಿ ತಂಗುದಾಣಗಳಲ್ಲಿ ಒಂದು ರಾತ್ರಿ ಕಳೆಯುವುದು ಆ ಕುಟುಂಬಗಳಿಗೂ ನಮ್ಮಂಥ ವಿದ್ಯಾರ್ಥಿಗಳಿಗೂ ಎಟುಕದ ಮಾತು. ಕಾಡಂಚಿನ ಬದುಕು ಸುಲಭವೂ ಅಲ್ಲ. 2025ರಲ್ಲಿ ಸರಗೂರಿನ ಕಡೆ ಹುಲಿಯ ದಾಳಿಗೆ ರೈತರು ಬಲಿಯಾದಾಗ, ಆ ನವೆಂಬರಿನಲ್ಲಿ ಸರ್ಕಾರವು ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿತು. ಒಬ್ಬರ ವಿನೋದ ಇನ್ನೊಬ್ಬರ ಪ್ರಾಣಕ್ಕಿಂತ ದೊಡ್ಡದಲ್ಲವೆಂಬುದನ್ನು ಆ ದಿನಗಳು ತಿಳಿಸಿದುವು.

ಹಾಗೆಂದು ನಾವು ಹೋಗಲೇಬಾರದೆಂದಲ್ಲ. ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಸುಮಾರು 50 ಕಿಲೋಮೀಟರ್; ಬಸ್ಸಿನ ಸೌಕರ್ಯವಿದೆ. ಹಿನ್ನೀರಿನ ದಡದ ಭೀಮನಕೊಲ್ಲಿ ಮಹದೇಶ್ವರನ ಗುಡಿಗೂ ಸರಗೂರಿನ ಕಡೆಯ ಚಿಕ್ಕದೇವಮ್ಮನ ಬೆಟ್ಟಕ್ಕೂ ಹೋಗಲು ಹೆಚ್ಚು ಹಣ ಬೇಕಿಲ್ಲ. ಸಫಾರಿಗೆ ಹೋಗಬಯಸುವವರು ಅದು ನಡೆಯುತ್ತಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ನೀರಿಗಿಳಿಯುವುದು, ಕಾಡಿನಲ್ಲಿ ಕೂಗಾಡುವುದು, ಪ್ಲಾಸ್ಟಿಕ್ಕು ಎಸೆಯುವುದು ಸರ್ವಥಾ ಸಲ್ಲದು.

ನಮ್ಮ ಕಾಲೇಜಿನ ವಾರ್ಷಿಕ ಪ್ರವಾಸವು ಒಮ್ಮೆ ಇಲ್ಲಿಗೆ ಹೊರಡಲಿ ಎಂದು ಅಧ್ಯಾಪಕರಲ್ಲಿ ವಿನಂತಿಸುತ್ತೇನೆ. ಆನೆಗಳನ್ನು ನೋಡಿದ ಮೇಲೆ, ಮುಳುಗಿದ ಊರುಗಳಿಂದ ಬಂದ ಹಿರಿಯರ ಬಳಿ ಒಂದು ಗಂಟೆ ಕುಳಿತು, ಆ ಊರುಗಳ ಹೆಸರುಗಳನ್ನೂ ಅಲ್ಲಿಯ ಹಬ್ಬ, ಬೆಳೆ, ದೇವರುಗಳನ್ನೂ ಬರೆದುಕೊಳ್ಳೋಣ. ಹೇಳಬಲ್ಲವರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಅವರ ಮಕ್ಕಳು ಮೊಮ್ಮಕ್ಕಳು ಕೆಲವರು ಇಂದು ನಮ್ಮಂತೆಯೇ ಕಾಲೇಜಿನ ಮೆಟ್ಟಿಲು ಹತ್ತಿದ್ದಾರೆ. ಈ ಕೆಲಸಕ್ಕೆ ಅವರಿಗಿಂತ ಯೋಗ್ಯರು ಬೇರೆ ಯಾರು?