ಅವರಾಗಿ ಬಂದು ಕೇಳದಿದ್ದರೂ

ಬಿ.ಜಿ. ಕೆರೆಯಂಥ ಸಣ್ಣ ಊರಲ್ಲಿ ನೋಯಿಸಿದವರ ಮುಖ ತಪ್ಪಿಸಿ ಬದುಕುವುದಾಗದು. ಹೊಲ ಪಾಲಾದ ದಿನ ನಾಲ್ಕು ಜನರೆದುರು ಹೀನಾಯವಾಗಿ ಮಾತಾಡಿದ ಅಣ್ಣ ಮರುದಿನ ಬದುವಿನಾಚೆಯೇ ಶೇಂಗಾ ಕೀಳುತ್ತಿರುತ್ತಾನೆ. ಚಳ್ಳಕೆರೆ ಬಸ್ಸಿಗೂ ಪಕ್ಕದಲ್ಲೇ ನಿಂತಿರುತ್ತಾನೆ. 'ತಪ್ಪಾಯ್ತು' ಎಂಬ ಮಾತಿಗೆ ಕಾಯಬೇಡಿ, ಅದು ಬಾರದೆಯೂ ಹೋಗಬಹುದು. ನಿಮಗೆ ನೋವಾದದ್ದು ನಿಜ. ಅದಕ್ಕೆ ಅವನ ಒಪ್ಪಿಗೆ ಬೇಕಿಲ್ಲ.

ಆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ದಿನಕ್ಕೆ 15 ನಿಮಿಷ, 4 ದಿನ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದ ಕ್ರಮವಿದು. ಬರೆಯುವಾಗ ಮೊದಲು ಸಂಕಟ ಹೆಚ್ಚಬಹುದು, ಹೆದರಬೇಡಿ. ಅಣ್ಣನನ್ನು ಹಬ್ಬಕ್ಕೆ ಕರೆಯಲೇಬೇಕೆಂದೇನಿಲ್ಲ, ಎದುರಾದಾಗ ತಲೆಯಾಡಿಸಿದರೂ ಸಾಕು. ಊಟ, ನಿದ್ದೆ ಕೆಟ್ಟರೆ ಮಾತ್ರ ತಡಮಾಡದೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮನಸ್ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.