ಋಣವಿಲ್ಲದ ಕಲ್ಯಾಣ

ವಿವಾಹವು ಗೃಹಸ್ಥಧರ್ಮದ ಹೆಬ್ಬಾಗಿಲು. ಸಾಲದ ಹೊರೆಯನ್ನು ಹೊತ್ತು ಈ ಬಾಗಿಲನ್ನು ದಾಟಿದವನು ಒಳಮನೆಯಲ್ಲಿ ನಿಶ್ಚಿಂತೆಯಿಂದ ಕುಳಿತುಕೊಳ್ಳಲಾರನು. ಅದುಕಾರಣ, ಅಲ್ಪ ವೆಚ್ಚದಲ್ಲಿ ಮನೆಯಂಗಳದಲ್ಲಿಯೇ ಮದುವೆಯನ್ನು ನೆರವೇರಿಸುವ ಬಗೆಯನ್ನು ಶರಣರ ಬೋಧೆಯ ಬೆಳಕಿನಲ್ಲಿ ವಿಚಾರಿಸುವುದು ಈ ಪಾಠದ ಉದ್ದೇಶ.

ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪತ್ನಿಯಾದ ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದರು. ಮಿತವಾದ ಆ ಅಕ್ಕಿಯಿಂದಲೇ ದಂಪತಿಗಳು ದಾಸೋಹವನ್ನು ನಡೆಸಿದರೆಂದು ಕಥೆಯು ಸಾರುತ್ತದೆ. ಇದರಿಂದ ತಿಳಿಯಬೇಕಾದುದು ಎರಡು. ಸಾಕೆಂಬುದಕ್ಕೆ ಒಂದು ಅಳತೆಯುಂಟು. ಆ ಅಳತೆಯನ್ನು ಹೇಳುವ ಅಧಿಕಾರವು ಮನೆಯ ಹೆಣ್ಣುಮಕ್ಕಳಿಗೂ ಉಂಟು. ಕಾಯಕದಿಂದ ಬಂದುದನ್ನು ಹಂಚುವುದು ದಾಸೋಹ. ಸಾಲ ತಂದು ಬಡಿಸಿದುದು ಆ ಹೆಸರಿಗೆ ಸಲ್ಲದು.

ಈ ಲೇಖಕನ ಮನೆಯಲ್ಲಿ ನಡೆದುದನ್ನೇ ಹೇಳಬಹುದು. ಅಕ್ಕನ ಮದುವೆಗೆಂದು ತಂದೆಯವರು ಎರಡು ಎಕರೆ ಎರೆಹೊಲವನ್ನು ಒತ್ತೆಯಿಟ್ಟರು. ಮೂರು ದಿನ ಊರೆಲ್ಲ ಉಂಡಿತು. ಹೊಲವು ಮರಳಿ ಕೈಗೆ ಬರಲು ಹನ್ನೊಂದು ವರ್ಷ ಹಿಡಿಯಿತು. ಅಷ್ಟು ಕಾಲವೂ ಅಕ್ಕನು ತವರಿಗೆ ಬಂದಾಗ ಆ ಹೊಲದ ದಾರಿಯನ್ನು ಬಿಟ್ಟು ಸುತ್ತಿಕೊಂಡು ಬರುತ್ತಿದ್ದಳು. ಮುಂದೆ ಈ ಲೇಖಕನ ಮಗಳ ನಿಶ್ಚಯದ ಮಾತು ಬಂದಾಗ ಅವಳು ಕೇಳಿದ್ದು ಒಂದೇ: "ಅಪ್ಪಾ, ಅತ್ತಿ ಹಂಗ ನಾನೂ ಸುತ್ತ ಹಾಕಿ ಬರೂದು ಬ್ಯಾಡ." ಆ ಮದುವೆಯು ಮನೆಯಂಗಳದಲ್ಲಿ ನಡೆಯಿತು.

ನಮ್ಮ ಸೀಮೆಯಲ್ಲಿ ಬೆಳೆಯನ್ನು ನಂಬಿ ಮದುವೆಯ ಸಾಲ ಮಾಡುವವರು ಹಲವರು. ಬ್ಯಾಡಗಿಯ ಡಬ್ಬಿ, ಕಡ್ಡಿ ಮೆಣಸಿನಕಾಯಿಗೆ ಲೋಕವೇ ಮೆಚ್ಚುವ ಬಣ್ಣವಿದೆ. 2011ರಲ್ಲಿ ಭೌಗೋಳಿಕ ಗುರುತೂ ದೊರೆಯಿತು. ಆದರೆ 2024ರ ಮಾರ್ಚ್ 11ರಂದು ಬೆಲೆ ಕುಸಿದಾಗ ಅದೇ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಭುಗಿಲೆದ್ದು ವಾಹನಗಳು ಸುಟ್ಟುಹೋದವು. ಬಾರದ ಬೆಲೆಯ ಮೇಲೆ ಹಂದರದ ಕಂಬವನ್ನು ನೆಡಬಾರದು. ಕೈಯಲ್ಲಿರುವ ಹಣವೆಷ್ಟೆಂಬುದನ್ನು ನಿಶ್ಚಯಕ್ಕೆ ಮೊದಲೇ ಬೀಗರಿಬ್ಬರೂ ಕೂಡಿ ಕುಳಿತು ಬರೆದುಕೊಳ್ಳತಕ್ಕದ್ದು.

ಕಾನೂನಿನ ದೃಷ್ಟಿಯಿಂದಲೂ ಆಡಂಬರವು ಅವಶ್ಯವಲ್ಲ. 1955ರ ಹಿಂದೂ ವಿವಾಹ ಕಾಯಿದೆಯು ವೀರಶೈವ, ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ. ವಧೂವರರಲ್ಲಿ ಒಬ್ಬರ ಕಡೆಯ ರೂಢಿಯ ವಿಧಿಯಂತೆ ನಡೆದ ಮದುವೆಯು ಅದಕ್ಕೆ ಸಾಕು. ಕನ್ಯೆಗೆ 18, ವರನಿಗೆ 21 ವರ್ಷ ತುಂಬಿರಬೇಕು. 1961ರ ಕಾಯಿದೆಯಂತೆ ವರದಕ್ಷಿಣೆಯನ್ನು ಕೊಡುವುದೂ ಕೊಳ್ಳುವುದೂ ಅಪರಾಧ. ಮದುವೆಯಾದ ಬಳಿಕ ಉಪನೋಂದಣಿ ಕಚೇರಿಯಲ್ಲಿ ದಾಖಲು ಮಾಡಿಸುವುದನ್ನು ಮರೆಯಲಾಗದು.

ಇನ್ನು ಊಟದ ವಿಚಾರ. ವೆಚ್ಚವು ಹೆಚ್ಚುವುದು ಇಲ್ಲಿಯೇ. ಇನ್ನೂರು ಜನಕ್ಕೆ ಮನೆಯ ಅಡುಗೆಯ ಲೆಕ್ಕ ಹೀಗಿದೆ: ಅಕ್ಕಿ 20 ಕಿಲೋ, ಸಾರಿಗೆ ತೊಗರಿಬೇಳೆ 5 ಕಿಲೋ, ಎಣ್ಣೆಗಾಯಿಗೆ ಬದನೆಕಾಯಿ 18 ಕಿಲೋ, ಹುಗ್ಗಿಗೆ ಗೋಧಿ 10 ಕಿಲೋ, ಬೆಲ್ಲವೂ ಅಷ್ಟೇ. ತಲೆಗೆ ಎರಡರಂತೆ ನಾನೂರು ರೊಟ್ಟಿಗೆ ಸುಮಾರು 30 ಕಿಲೋ ಜೋಳದ ಹಿಟ್ಟು. ಕಡಕ್ ರೊಟ್ಟಿಯು ಕೆಡುವುದಿಲ್ಲವಾದುದರಿಂದ ವಾರ ಮೊದಲೇ ಓಣಿಯ ತಾಯಂದಿರು ಹತ್ತು ಒಲೆಗಳಲ್ಲಿ ಹಂಚಿಕೊಂಡು ಬಡಿದಿಡಬಹುದು. ಇದು ಮುಯ್ಯಿ, ಅವರ ಮನೆಯ ಕಾರ್ಯಕ್ಕೆ ನಾವು ಹೋಗಿ ತೀರಿಸತಕ್ಕದ್ದು. ಸಿಹಿ ಒಂದು, ಪಲ್ಯ ಒಂದು, ಶೇಂಗಾ ಚಟ್ನಿ, ಅನ್ನ, ಸಾರು, ಮಜ್ಜಿಗೆ ಇಷ್ಟಿದ್ದರೆ ಊಟವು ಪೂರ್ಣ. ಪದಾರ್ಥಗಳನ್ನು ಕಡಿಮೆ ಮಾಡಬಹುದು. ಪಂಕ್ತಿಭೇದವನ್ನು ಮಾತ್ರ ಮಾಡಲಾಗದು. ಹಮಾಲನಿಗೂ ಸಾಹುಕಾರನಿಗೂ ಒಂದೇ ಸಾಲಿನಲ್ಲಿ ಒಂದೇ ಹುಗ್ಗಿ.

ಹಂದರಕ್ಕೆ ತೆಂಗಿನ ಗರಿ, ಮಾವಿನ ತೋರಣ, ಬಾಳೆಕಂಬ ಸಾಕು. ಹಾವೇರಿಯ ಏಲಕ್ಕಿ ಹಾರವು ನಮ್ಮ ಊರಿನ ಹೆಮ್ಮೆ; ಬೆಲೆಯೂ ಹೆಚ್ಚು. ವಧೂವರರಿಗೆ ಒಂದೊಂದು ತಂದರೆ ಅದು ಬಾಡುವುದಿಲ್ಲ. ಎತ್ತಿಟ್ಟು ಮನೆಯ ಮುಂದಿನ ಕಾರ್ಯಕ್ಕೂ ಬಳಸಬಹುದು. ಬಂದ ಗಣ್ಯರಿಗೆಲ್ಲ ಹಾರ, ಶಾಲುಗಳ ಸನ್ಮಾನವನ್ನು ಬಿಟ್ಟರೆ ಕೈತುಂಬ ಹಣ ಉಳಿಯುತ್ತದೆ.

"ಜನ ಏನೆಂದಾರು?" ಎಂಬ ಪ್ರಶ್ನೆ ಉಳಿಯಿತು. ರಾಣೆಬೆನ್ನೂರು ತಾಲೂಕಿನ ತುಂಗಭದ್ರೆಯ ದಡದಲ್ಲಿ ಚೌಡಯ್ಯದಾನಪುರವಿದೆ. ಬರಿಯ ತೋರಿಕೆಯನ್ನು ಮುಖಕ್ಕೆ ಹೊಡೆದಂತೆ ಖಂಡಿಸಿದ ಅಂಬಿಗರ ಚೌಡಯ್ಯನವರ ಹೆಸರಿನ ಊರದು. ಅವರ ನೆರೆಯಲ್ಲಿ ಬಾಳುವ ನಾವು ಜನರ ಮಾತಿಗೆ ಅಂಜುವುದು ಉಚಿತವಲ್ಲ. ಈ ಲೇಖಕನ ಮಗಳ ಮದುವೆಯಲ್ಲಿಯೂ ಬೂಂದಿ ಲಾಡು ಇಲ್ಲವೆಂದು ಕೆಲವರು ಆಡಿಕೊಂಡರು. ಆ ಮಾತು ಒಂದು ವಾರ ಉಳಿಯಿತು. ಯುಗಾದಿಗೆ ತವರಿಗೆ ಬಂದ ಮಗಳು ಅತ್ತೆಯ ಕೈ ಹಿಡಿದುಕೊಂಡು ಆ ಹೊಲದ ದಾರಿಯಿಂದಲೇ ಮನೆಗೆ ಬಂದಳು.

ಮನನಕ್ಕೆ: ನಮ್ಮ ಮನೆಯ ಮುಂದಿನ ಕಾರ್ಯದಲ್ಲಿ ಬೇಕಾದುದೆಷ್ಟು, ಹೆಚ್ಚಾದುದೆಷ್ಟು? ಮನೆಯ ಲಕ್ಕಮ್ಮನನ್ನು ಕೇಳಿದ್ದೇವೆಯೆ?